ಹ್ಯಾಸ್ಕೆಲ್‌ನಲ್ಲಿ ನನ್ನ ಮೊದಲ ಪ್ರೋಗ್ರಾಮ್: ಭಾಮಿನಿ ಷಟ್ಪದಿಯ ಮಾತ್ರೆ ಎಣಿಕೆ. ಕೋಡ್ ನೋಡಿ ಅಭಿಪ್ರಾಯ ತಿಳಿಸಿ

ಹೊಸಗಲಿಕೆ

ಎಲ್ಲರಿಗೂ ನಮಸ್ಕಾರ. ಕಚೇರಿಯಲ್ಲಿ ಒಂಬತ್ತು ವರ್ಷಗಳಿಂದ ಜಾವಾ ಬರೆಯುತ್ತಿರುವ ನಾನು ಎರಡು ತಿಂಗಳಿಂದ ಹ್ಯಾಸ್ಕೆಲ್ ಕಲಿಯುತ್ತಿದ್ದೇನೆ. ಫಿಬೊನಾಚಿ ಸಂಖ್ಯೆ, ವಿಂಗಡಣೆ ಮುಂತಾದ ಅಭ್ಯಾಸಗಳನ್ನು ಮುಗಿಸಿದ ಮೇಲೆ ನನಗೆ ನಿಜವಾಗಿಯೂ ಬೇಕಾದದ್ದನ್ನು ಬರೆಯೋಣವೆಂದು, ಷಟ್ಪದಿಯ ಒಂದು ಸಾಲಿಗೆ ಪ್ರಸ್ತಾರ ಹಾಕಿ ಮಾತ್ರೆ ಎಣಿಸುವ ಪ್ರೋಗ್ರಾಮನ್ನು ಕೈಗೆತ್ತಿಕೊಂಡೆ. ನಮ್ಮ ತಂದೆಯವರು ಗಮಕ ವಾಚನ ಮಾಡುತ್ತಾರೆ. ಅವರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡ ಪದ್ಯಗಳನ್ನು ನಾನು ಟೈಪ್ ಮಾಡುವಾಗ ಹ್ರಸ್ವ ದೀರ್ಘಗಳು ತಪ್ಪುತ್ತಿವೆ. ಮಾತ್ರೆ ಎಣಿಸಿದರೆ ಆ ತಪ್ಪುಗಳು ತಾವಾಗಿಯೇ ಸಿಕ್ಕಿಬೀಳುತ್ತವೆ ಎಂಬುದು ನನ್ನ ಲೆಕ್ಕಾಚಾರ.

ನಿಯಮ ಶಾಲೆಯಲ್ಲಿ ಕಲಿತದ್ದೇ. ಭಾಮಿನಿಯ 1, 2, 4, 5ನೆಯ ಸಾಲುಗಳಲ್ಲಿ 3+4+3+4, ಅಂದರೆ 14 ಮಾತ್ರೆಗಳು. 3 ಮತ್ತು 6ನೆಯ ಸಾಲುಗಳಲ್ಲಿ 3+4+3+4+3+4, ಕೊನೆಗೊಂದು ಗುರು, ಒಟ್ಟು 23. ಇಡೀ ಪದ್ಯಕ್ಕೆ 102 ಮಾತ್ರೆಗಳು.

ಕೋಡಿನ ತಿರುಳು ಇಷ್ಟು (ನಿಜವಾದ ಫೈಲಿನಲ್ಲಿ ಹೆಸರುಗಳು ರೋಮನ್ ಲಿಪಿಯಲ್ಲಿವೆ, ಇಲ್ಲಿ ಓದುವ ಅನುಕೂಲಕ್ಕಾಗಿ ಕನ್ನಡದಲ್ಲಿ ಬರೆದಿದ್ದೇನೆ):

ಶುದ್ಧ ಸಾಲು = ಫಿಲ್ಟರ್ ಈಸ್‌ಆಲ್ಫಾ ಸಾಲು ++ " "
ಎಣಿಸು ಐ ಸಾಲು = ಇಫ್ ಐ >= ಲೆಂಗ್ತ್ ಸಾಲು ದೆನ್ 0
  ಎಲ್ಸ್ ತೂಕ (ಸಾಲು !! ಐ) (ಸಾಲು !! (ಐ + 1)) + ಎಣಿಸು (ಐ + 1) ಸಾಲು

"ತೂಕ" ಎಂಬ ಫಂಕ್ಷನ್ ಒಂದು ಅಕ್ಷರವನ್ನೂ ಅದರ ಮುಂದಿನದನ್ನೂ ನೋಡಿ 0, 1 ಅಥವಾ 2 ಕೊಡುತ್ತದೆ. ದೀರ್ಘ ಚಿಹ್ನೆ, ಅನುಸ್ವಾರ, ಒತ್ತಕ್ಷರ ಎಲ್ಲಕ್ಕೂ ಅದರೊಳಗೆ ಇಫ್‌ಗಳಿವೆ. "ಕಮಲ" ಕೊಟ್ಟರೆ 3 ಬರುತ್ತದೆ, "ಕನ್ನಡ" ಕೊಟ್ಟರೆ 4 ಬರುತ್ತದೆ, ಎರಡೂ ಸರಿ. ಆದರೆ "ಮೈಸೂರು" 5 ಆಗಬೇಕಾದಲ್ಲಿ 3 ಬರುತ್ತಿದೆ, "ಬೆಂಗಳೂರು" 6 ಆಗಬೇಕಾದಲ್ಲಿ 4 ಬರುತ್ತಿದೆ. ಏನಾಗುತ್ತಿದೆಯೆಂದು ನೋಡಲು ಪ್ರಿಂಟ್ ಮಾಡಿದರೆ ಕನ್ನಡದ ಬದಲು ಓರೆಗೆರೆ ಮತ್ತು ಸಂಖ್ಯೆಗಳು ಕಾಣುತ್ತವೆ. ಮತ್ತೊಂದು ಸಂದೇಹವೂ ಇದೆ: ಕೊನೆಯ ಖಾಲಿ ಜಾಗಕ್ಕೆ ಬಂದಾಗ ಅದರ ಮುಂದಿನ ಸ್ಥಾನವೇ ಇಲ್ಲವಲ್ಲ, ಆದರೂ ಪ್ರೋಗ್ರಾಮ್ ಏಕೆ ನಿಂತುಹೋಗುವುದಿಲ್ಲ? ಈ ತಪ್ಪುಗಳ ಜೊತೆಗೆ, ಇದನ್ನು ಹ್ಯಾಸ್ಕೆಲ್ ಬಲ್ಲವರು ಹೇಗೆ ಬರೆಯುತ್ತಿದ್ದರು ಎಂಬುದನ್ನೂ ತಿಳಿಯಬೇಕಾಗಿದೆ. ಮುಲಾಜಿಲ್ಲದೆ ಹೇಳಿ.

ಸೋಮಾರಿಗಣಕ

ಮೊದಲು ತಪ್ಪನ್ನು ನೋಡೋಣ, ಶೈಲಿಯ ಮಾತು ಆಮೇಲೆ. ನಿಮ್ಮ "ತೂಕ" ಫಂಕ್ಷನ್ನಿನಲ್ಲಿ ದೋಷವಿಲ್ಲದೆ ಇರಬಹುದು, ಏಕೆಂದರೆ ಅದರ ಅರ್ಧದಷ್ಟು ಇನ್ನೂ ಒಮ್ಮೆಯೂ ಓಡಿಲ್ಲ. ಯೂನಿಕೋಡಿನ ಲೆಕ್ಕದಲ್ಲಿ ಕನ್ನಡದ ಸ್ವರಚಿಹ್ನೆಗಳು, ಅನುಸ್ವಾರ, ಹಲಂತದ ಚಿಹ್ನೆ ಇವೆಲ್ಲ "ಅಕ್ಷರ" ವರ್ಗಕ್ಕೆ ಸೇರುವುದಿಲ್ಲ, "ಗುರುತು" ವರ್ಗಕ್ಕೆ ಸೇರುತ್ತವೆ. ಆದ್ದರಿಂದ ಈಸ್‌ಆಲ್ಫಾ ಅವುಗಳಿಗೆಲ್ಲ ಫಾಲ್ಸ್ ಎನ್ನುತ್ತದೆ. ವಿರಾಮಚಿಹ್ನೆಗಳನ್ನು ತೆಗೆಯಲೆಂದು ನೀವು ಹಾಕಿದ ಫಿಲ್ಟರ್ "ಮೈಸೂರು" ಎಂಬುದನ್ನು "ಮಸರ" ಮಾಡಿ ಮುಂದಕ್ಕೆ ಕಳಿಸುತ್ತಿದೆ. ಮೂರು ಲಘು, ಮೂರು ಮಾತ್ರೆ. "ಕನ್ನಡ" ಸರಿಯಾಗಿ ಬಂದದ್ದು ಕಾಕತಾಳೀಯ. ಹಲಂತ ಹೋಗಿ "ಕನನಡ" ಆಯಿತು, ನಾಲ್ಕು ಲಘುಗಳಿಗೆ ನಾಲ್ಕು. ನಿಜವಾದ ಲೆಕ್ಕದಲ್ಲಿಯೂ ಒಂದು ಗುರು, ಎರಡು ಲಘು ಸೇರಿ ನಾಲ್ಕು. ಪರೀಕ್ಷೆಗೆ ನೀವು ಆರಿಸಿಕೊಂಡ ಪದವೇ ನಿಮ್ಮನ್ನು ದಾರಿ ತಪ್ಪಿಸಿತು. ಡೇಟಾ.ಕ್ಯಾರ್ ಮಾಡ್ಯೂಲಿನಲ್ಲಿ ಈಸ್‌ಮಾರ್ಕ್ ಎಂಬ ಫಂಕ್ಷನ್ ಇದೆ. ಈಸ್‌ಆಲ್ಫಾ ಅಥವಾ ಈಸ್‌ಮಾರ್ಕ್, ಎರಡರಲ್ಲಿ ಒಂದು ನಿಜವಾದರೂ ಇಟ್ಟುಕೊಳ್ಳಿ.

ಪ್ರಿಂಟ್ ತನ್ನೊಳಗೆ ಶೋ ಎಂಬುದನ್ನು ಬಳಸುತ್ತದೆ. ಶೋ ಕೊಡುವ ಪಠ್ಯವನ್ನು ಹ್ಯಾಸ್ಕೆಲ್ ಕೋಡಿನೊಳಗೆ ಹಾಗೆಯೇ ಅಂಟಿಸಲು ಬರಬೇಕೆಂಬ ಉದ್ದೇಶದಿಂದ ಅದು ಆಸ್ಕಿಯಲ್ಲಿಲ್ಲದ ಅಕ್ಷರಗಳನ್ನೆಲ್ಲ ಸಂಖ್ಯೆಯಾಗಿ ಬರೆಯುತ್ತದೆ. ನಿಮಗೆ ಕಂಡ 3221 ಎಂಬುದು "ಕ" ಅಕ್ಷರವೇ. ಪುಟ್‌ಎಸ್‌ಟಿಆರ್‌ಲೈನ್ ಬಳಸಿದರೆ ಕನ್ನಡವೇ ಕಾಣುತ್ತದೆ.

ಪ್ರೋಗ್ರಾಮ್ ನಿಂತುಹೋಗದಿರುವುದರ ಬಗ್ಗೆ ಕೇಳಿದ ಪ್ರಶ್ನೆ ಬಹಳ ಒಳ್ಳೆಯದು, ಹೊಸಬರು ಇದನ್ನು ಗಮನಿಸುವುದೇ ಅಪರೂಪ. ಜಾವಾದಲ್ಲಿ ಫಂಕ್ಷನ್ನಿಗೆ ಕೊಡುವ ಮೌಲ್ಯವನ್ನು ಮೊದಲೇ ಲೆಕ್ಕಹಾಕಿ ಒಳಗೆ ಕಳಿಸಲಾಗುತ್ತದೆ. ಹ್ಯಾಸ್ಕೆಲ್‌ನಲ್ಲಿ ಒಳಗೆ ಹೋಗುವುದು "ಬೇಕಾದಾಗ ಲೆಕ್ಕಹಾಕು" ಎಂಬ ಚೀಟಿ ಮಾತ್ರ. ಖಾಲಿ ಜಾಗಕ್ಕೆ ನಿಮ್ಮ "ತೂಕ" ಮುಂದಿನದನ್ನು ನೋಡದೆಯೇ 0 ಎಂದುಬಿಡುತ್ತದೆ, ಚೀಟಿಯನ್ನು ಯಾರೂ ಬಿಚ್ಚುವುದಿಲ್ಲ, ಇಲ್ಲದ ಸ್ಥಾನವನ್ನು ಯಾರೂ ಹುಡುಕುವುದಿಲ್ಲ. ನಾಳೆ "ತೂಕ"ದ ಒಳಗಿನ ಇಫ್‌ಗಳ ಕ್ರಮ ಬದಲಾದರೆ ಅದೇ ಕೋಡ್ ಬಿದ್ದುಹೋಗುತ್ತದೆ, ಹಾಗಾಗಿ ಈ ಸೋಮಾರಿತನವನ್ನು ನೆಚ್ಚಿಕೊಳ್ಳಬೇಡಿ.

ಶೈಲಿಯ ವಿಷಯದಲ್ಲಿ ಒಂದೇ ಮಾತು. ಐ ಎಂಬ ಎಣಿಕೆಯನ್ನು ಹಿಡಿದುಕೊಂಡು ಲಿಸ್ಟಿನಲ್ಲಿ ನಡೆಯುವುದು ಅರೇಯ ಅಭ್ಯಾಸ. ಇಲ್ಲಿ ಸ್ಟ್ರಿಂಗ್ ಎಂದರೆ ಕೊಂಡಿಗಳ ಸರಪಳಿ. !! ಪ್ರತಿ ಸಲವೂ ಮೊದಲ ಕೊಂಡಿಯಿಂದ ನಡೆದುಬರಬೇಕು, ಲೆಂಗ್ತ್ ಪ್ರತಿ ಸಲವೂ ಕೊನೆಯವರೆಗೆ ನಡೆಯಬೇಕು. ಮೂವತ್ತು ಚಿಹ್ನೆಗಳ ಸಾಲಿನಲ್ಲಿ ಇದರಿಂದ ತೊಂದರೆಯೇನೂ ಆಗದು. ಆದರೆ ಓದುವವರಿಗೆ "ಇದು ಮತ್ತು ಇದರ ಮುಂದಿನದು" ಎಂಬ ನಿಮ್ಮ ಆಲೋಚನೆ ಐ ಮತ್ತು ಐ + 1ರ ಹಿಂದೆ ಮರೆಯಾಗುತ್ತದೆ. ಕೋಡನ್ನು ತಿದ್ದುವ ಮೊದಲು ಒಂದು ಕೆಲಸ ಮಾಡಿ: ನಿಮ್ಮ ಲೆಕ್ಕದಲ್ಲಿ ಒಂದು "ತುಣುಕು" ಎಂದರೆ ಏನೇನಾಗಿರಬಹುದು ಎಂಬುದನ್ನು ಒಂದು ಡೇಟಾ ಟೈಪ್ ಆಗಿ ಬರೆದು ಇಲ್ಲಿ ಹಾಕಿ.

ಕಗ್ಗಂಟು

ಇಷ್ಟಕ್ಕೆ ಟೈಪ್ ಏಕೆ? ಫಿಲ್ಟರ್ ಸರಿಮಾಡಿಕೊಂಡ ಮೇಲೆ ಒಂದೇ ಸಾಲು ಸಾಕು:

ಎಣಿಸು = ಸಮ್ . ಮ್ಯಾಪ್ ತೂಕ . ಗ್ರೂಪ್‌ಬೈ (\_ ಚ -> ಈಸ್‌ಮಾರ್ಕ್ ಚ)

ಅಕ್ಷರ ಮತ್ತು ಅದಕ್ಕೆ ಅಂಟಿದ ಗುರುತುಗಳು ಒಂದು ಗುಂಪಾಗುತ್ತವೆ. ಪ್ರತಿ ಗುಂಪಿನಲ್ಲಿ ದೀರ್ಘ ಅಥವಾ ಅನುಸ್ವಾರ ಇದ್ದರೆ 2, ಇಲ್ಲದಿದ್ದರೆ 1. ನಾನು ಓಡಿಸಿ ನೋಡಿದೆ, "ಕನ್ನಡ" 4 ಬಂತು, "ಮೈಸೂರು" 5 ಬಂತು, "ಬೆಂಗಳೂರು" 6 ಬಂತು. ಮುಂದೆ ಫೋಲ್ಡ್ (ಇಡೀ ಲಿಸ್ಟನ್ನು ಒಂದೇ ಮೌಲ್ಯಕ್ಕೆ ಇಳಿಸುವ ಫಂಕ್ಷನ್) ಬಳಸುವುದಾದರೆ ಫೋಲ್ಡ್‌ಎಲ್ ಬೇಡ, ಅದರ ಪ್ರೈಮ್ ರೂಪವನ್ನು ಬಳಸಿ. 2024ರಲ್ಲಿ ಬಂದ ಹ್ಯಾಸ್ಕೆಲ್ ಕಂಪೈಲರ್ ಜಿಎಚ್‌ಸಿ 9.10ರಿಂದ ಅದು ತಾನಾಗಿಯೇ ಒಳಗೆ ಬರುವ ಪ್ರಿಲ್ಯೂಡ್ ಮಾಡ್ಯೂಲಿನಲ್ಲಿಯೇ ಸಿಗುತ್ತದೆ.

ಸೋಮಾರಿಗಣಕ

ಕಗ್ಗಂಟು ಅವರೇ, "ಕನ್ನಡ" ಎಂಬ ಪದ ಈಗ ಎರಡನೆಯವರನ್ನೂ ಮೋಸಮಾಡಿತು. ಗ್ರೂಪ್‌ಬೈ ಹೊಸದಾಗಿ ಬಂದದ್ದನ್ನು ಗುಂಪಿನ ಮೊದಲನೆಯದರೊಂದಿಗೆ ಹೋಲಿಸುತ್ತದೆಯೇ ಹೊರತು ಪಕ್ಕದಲ್ಲಿರುವುದರೊಂದಿಗೆ ಅಲ್ಲ. "ಹಿಂದಿನದು ಹಲಂತವಾದರೆ ಮುಂದಿನ ವ್ಯಂಜನವನ್ನೂ ಸೇರಿಸಿಕೊ" ಎಂದು ಅದಕ್ಕೆ ಹೇಳಲು ಬರುವುದಿಲ್ಲ. ಹಾಗಾಗಿ ನಿಮ್ಮ ಸಾಲು "ಕನ್ನಡ"ವನ್ನು ಕ, ನ್, ನ, ಡ ಎಂದು ನಾಲ್ಕು ತುಂಡು ಮಾಡಿ ತಲಾ ಒಂದರಂತೆ ನಾಲ್ಕು ಕೊಟ್ಟಿತು. "ಶಾಸ್ತ್ರ" ಕೊಟ್ಟು ನೋಡಿ: ಶಾ, ಸ್, ತ್, ರ ಎಂದಾಗಿ 5 ಬರುತ್ತದೆ, ಬರಬೇಕಾದದ್ದು 3. "ಪ್ರೇಮ"ಕ್ಕೂ 3ರ ಬದಲು 4 ಬರುತ್ತದೆ. ಅದಲ್ಲದೆ ಒಂದು ಅಕ್ಷರ ಗುರುವೋ ಲಘುವೋ ಎಂಬುದು ಅದರ ಮುಂದೆ ಬರುವುದನ್ನು ಅವಲಂಬಿಸಿದೆ. ಮ್ಯಾಪ್ ಒಂದು ಸಲಕ್ಕೆ ಒಂದನ್ನೇ ನೋಡುವುದರಿಂದ ಈ ಸಮಸ್ಯೆಗೆ ಅದರ ಆಕಾರವೇ ಹೊಂದುವುದಿಲ್ಲ.

ಇನ್ನು ಫೋಲ್ಡ್ ವಿಷಯದ ನಿಮ್ಮ ಎಚ್ಚರಿಕೆ ಲಕ್ಷಾಂತರ ಸಂಖ್ಯೆಗಳನ್ನು ಕೂಡಿಸುವಾಗ ಸರಿಯಾದದ್ದೇ. 14 ಮಾತ್ರೆ ಎಣಿಸುವವರಿಗೆ ಅದು ಈ ಹೊತ್ತಿನ ಚಿಂತೆಯಲ್ಲ.

ಗಮಕಪ್ರಿಯೆ

ನಾನು ಕನ್ನಡ ಅಧ್ಯಾಪಕಿಯಾಗಿದ್ದು ನಿವೃತ್ತಳಾದವಳು, ಪ್ರೋಗ್ರಾಮಿಂಗ್ ನನಗೆ ತಿಳಿಯದು. ಷಟ್ಪದಿ ಎಂಬ ಪದ ಕಂಡು ಓದಲು ಬಂದೆ. ನಡುವೆ ಬಾಯಿ ಹಾಕುವುದಕ್ಕೆ ಕ್ಷಮೆಯಿರಲಿ, ಆದರೆ ಕ, ನ್, ನ, ಡ ಎಂದು ತುಂಡಾದದ್ದನ್ನು ನೀವು ತಪ್ಪೆನ್ನುತ್ತಿರುವುದು ನನಗೆ ಒಪ್ಪಿಗೆಯಾಗುತ್ತಿಲ್ಲ. ಬರವಣಿಗೆಯ ಲೆಕ್ಕದಲ್ಲಿ "ನ್ನ" ಒಂದು ಅಕ್ಷರ, ನಿಜ. ಛಂದಸ್ಸು ಕಿವಿಗೆ ಸಂಬಂಧಿಸಿದ್ದು. ಒತ್ತಕ್ಷರದ ಹಿಂದಿನ ಅಕ್ಷರ ಗುರು, ವ್ಯಂಜನದಿಂದ ಮುಗಿಯುವ ಅಕ್ಷರ ಗುರು ಎಂದು ಎರಡು ನಿಯಮಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಕೇಳಿ ನೋಡಿದರೆ ಅವೆರಡೂ ಒಂದೇ: ಸ್ವರವಿಲ್ಲದ ವ್ಯಂಜನ ತನ್ನ ಹಿಂದಿನ ಅಕ್ಷರದ ಮೇಲೆ ಒರಗಿಕೊಳ್ಳುತ್ತದೆ. "ಕನ್ನಡ"ದಲ್ಲಿ ಕ ಗುರುವಾದದ್ದು ಮುಂದಿನ "ನ್" ಅದರ ಮೇಲೆ ಒರಗಿದ್ದರಿಂದ; "ಅವನ್" ಎಂಬಲ್ಲಿ ವ ಗುರುವಾದದ್ದೂ ಅದೇ ಕಾರಣಕ್ಕೆ. ಒರಗಿದ ವ್ಯಂಜನಕ್ಕೆ ಸ್ವಂತ ಮಾತ್ರೆಯಿಲ್ಲ. "ಪ್ರೇಮ"ದ ಆರಂಭದಲ್ಲಿ "ಪ್" ಒರಗಲು ಹಿಂದೆ ಯಾರೂ ಇಲ್ಲ, ಅಲ್ಲಿಗೆ ಮುಗಿಯಿತು. ಹಿಂದಿನದು ಮೊದಲೇ ದೀರ್ಘವಾಗಿದ್ದರೆ ಎಷ್ಟು ವ್ಯಂಜನಗಳು ಒರಗಿದರೂ ಅದು ಎರಡು ಮಾತ್ರೆಯೇ, "ಶಾಸ್ತ್ರ"ದಲ್ಲಿ ಆಗುವಂತೆ.

ಎರಡು ಎಚ್ಚರಿಕೆಗಳು. 3 ಮತ್ತು 6ನೆಯ ಸಾಲುಗಳ ಕೊನೆಯ ಅಕ್ಷರ ಲಘುವಾಗಿದ್ದರೂ ಗುರುವೆಂದೇ ಎಣಿಸಬೇಕು. ಹಳೆಯ ಕಾವ್ಯಭಾಷೆಯಲ್ಲಿ ಶಿಥಿಲದ್ವಿತ್ವವೆಂಬುದೂ ಇದೆ. ಕೆಲವು ಒತ್ತಕ್ಷರಗಳನ್ನು ತೇಲಿಸಿ ಉಚ್ಚರಿಸುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಅದನ್ನು ನಿಮ್ಮ ಯಂತ್ರಕ್ಕೆ ಹೇಗೆ ಹೇಳುತ್ತೀರೋ ನಾನರಿಯೆ.

ಸೋಮಾರಿಗಣಕ

ಗಮಕಪ್ರಿಯೆ ಅವರೇ, ತಪ್ಪೊಪ್ಪಿಕೊಂಡೆ. ನಾನು ಬರವಣಿಗೆಯ ಅಕ್ಷರವನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಗ್ಗಂಟು ಅವರ ಗುಂಪುಗಳನ್ನು ತಳ್ಳಿಹಾಕಿದ್ದೆ. ಗುಂಪು ಮಾಡುವ ಅವರ ಭಾಗ ಇಲ್ಲಿ ಬೇಕಾದದ್ದೇ ಆಗಿದೆ, ತೂಗುವ ಭಾಗವಷ್ಟೇ ಬದಲಾಗಬೇಕು. ಹೊಸಗಲಿಕೆ ಅವರೇ, ನಿಮ್ಮ ಡೇಟಾ ಟೈಪ್ ಹೆಚ್ಚುಕಡಿಮೆ ಈ ಉತ್ತರದಲ್ಲಿಯೇ ಇದೆ.

ಹೊಸಗಲಿಕೆ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಮೊದಲಿನಿಂದ ಬರೆದೆ:

ಡೇಟಾ ತುಣುಕು = ಹ್ರಸ್ವ | ದೀರ್ಘ | ಸ್ವರರಹಿತ

ಮಾತ್ರೆ (ಹ್ರಸ್ವ : ಸ್ವರರಹಿತ : ಉಳಿದದ್ದು) = 2 + ಮಾತ್ರೆ ಉಳಿದದ್ದು
ಮಾತ್ರೆ (ಹ್ರಸ್ವ : ಉಳಿದದ್ದು) = 1 + ಮಾತ್ರೆ ಉಳಿದದ್ದು
ಮಾತ್ರೆ (ದೀರ್ಘ : ಉಳಿದದ್ದು) = 2 + ಮಾತ್ರೆ ಉಳಿದದ್ದು
ಮಾತ್ರೆ (ಸ್ವರರಹಿತ : ಉಳಿದದ್ದು) = ಮಾತ್ರೆ ಉಳಿದದ್ದು
ಮಾತ್ರೆ [] = 0

ಅನುಸ್ವಾರ ವಿಸರ್ಗಗಳಿದ್ದ ತುಣುಕನ್ನೂ "ದೀರ್ಘ" ಎಂದೇ ಗುರುತಿಸುತ್ತೇನೆ. ಹೆಸರು ಅಷ್ಟು ಸರಿಯಲ್ಲವೆಂದು ಗೊತ್ತು. ಈ ಹೆಸರುಗಳನ್ನು ನಿಜವಾದ ಕೋಡಿನಲ್ಲಿಯೂ ಕನ್ನಡದಲ್ಲಿಯೇ ಇಡಲು ಹೊರಟಾಗ, ಟೈಪ್ ಮತ್ತು ಕನ್‌ಸ್ಟ್ರಕ್ಟರ್‌ಗಳ ಹೆಸರು ದೊಡ್ಡಕ್ಷರದಿಂದಲೇ ಆರಂಭವಾಗಬೇಕೆಂದು ಕಂಪೈಲರ್ ತಡೆಯಿತು. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವೇ ಇಲ್ಲವಲ್ಲ!

ಮೊದಲ ಸಲ ನಾನು ಮೇಲಿನ ಎರಡು ಸಾಲುಗಳನ್ನು ಅದಲು ಬದಲಾಗಿ ಬರೆದಿದ್ದೆ. ಎರಡನೆಯದನ್ನು ಎಂದಿಗೂ ತಲುಪಲಾಗದು ಎಂದು ಕಂಪೈಲರ್ ಎಚ್ಚರಿಸಿದ್ದು ನೋಡಿ ಆಶ್ಚರ್ಯವಾಯಿತು. ಹಿಂದಿನ ಕೋಡಿನಲ್ಲಿ ಅರ್ಧದಷ್ಟು ಇಫ್‌ಗಳು ಓಡದೆ ಬಿದ್ದಿದ್ದರೂ ಯಾರೂ ಹೇಳಿರಲಿಲ್ಲ. "ಅಸ್ತ್ರ", "ಶಾಸ್ತ್ರ", "ಪ್ರೇಮ", "ಅವನ್" ನಾಲ್ಕಕ್ಕೂ 3 ಬರುತ್ತಿದೆ. ಮುಂದೆ 3, 4 ಎಂದು ಗಣ ವಿಭಾಗಿಸಬೇಕು. ಒಂದು ಗುರು ಎರಡು ಗಣಗಳ ನಡುವೆ ಸಿಕ್ಕಿಕೊಂಡರೆ ಸದ್ಯಕ್ಕೆ -1 ಹಿಂದಿರುಗಿಸುತ್ತಿದ್ದೇನೆ. ಅದು ಸರಿಯೇ?

ಸೋಮಾರಿಗಣಕ

ಈ ಐದು ಸಾಲುಗಳನ್ನು ಗಮಕಪ್ರಿಯೆ ಅವರ ಉತ್ತರದ ಪಕ್ಕದಲ್ಲಿಟ್ಟು ಓದಿದರೆ ಅವರ ಒಂದೊಂದು ವಾಕ್ಯಕ್ಕೂ ಇಲ್ಲಿ ಒಂದೊಂದು ಸಾಲು ಸಿಗುತ್ತದೆ. ಅದಕ್ಕಿಂತ ಹೆಚ್ಚಿನ ಶೈಲಿಯ ಅಗತ್ಯ ನನಗೆ ಕಾಣುತ್ತಿಲ್ಲ. ಕಂಪೈಲರಿನಿಂದ ಹೆಚ್ಚಿನ ಎಚ್ಚರಿಕೆಗಳನ್ನು ಪಡೆಯುವ ಡಬ್ಲ್ಯೂ-ಆಲ್ ಸೂಚನೆಯನ್ನು (ನಾವು "ವಾಲ್" ಎನ್ನುವುದು) ಯಾವಾಗಲೂ ಹಾಕಿಕೊಂಡೇ ಕಂಪೈಲ್ ಮಾಡಿ. ಖಾಲಿ ಲಿಸ್ಟಿನ ಕೊನೆಯ ಸಾಲನ್ನು ಮರೆತಿದ್ದರೆ ಅದೂ ಆಗ ತಿಳಿಯುತ್ತಿತ್ತು.

-1 ಬೇಡ. ಅದೂ ಒಂದು ಸಂಖ್ಯೆಯೇ ಆದ್ದರಿಂದ ಯಾರಾದರೂ ಅದನ್ನು ಕೂಡಿಸಿಬಿಡುತ್ತಾರೆ, ಆಗ 14 ಮಾತ್ರೆಯ ಸಾಲು 13 ಎಂದು ಕಾಣುತ್ತದೆ. ಈದರ್ (ರೈಟ್ ಅಥವಾ ಲೆಫ್ಟ್, ಎರಡರಲ್ಲಿ ಒಂದನ್ನು ಹಿಡಿದಿಡುವ ಟೈಪ್) ಬಳಸಿ, ರೈಟ್ ಆದರೆ ಗಣಗಳ ಲಿಸ್ಟ್, ಲೆಫ್ಟ್ ಆದರೆ ಎಷ್ಟನೆಯ ಗಣದಲ್ಲಿ ಎಡವಿತು ಎಂಬ ವಿವರ. ಇದಕ್ಕಾಗಿ "ಮಾತ್ರೆ" ಒಟ್ಟು ಮೊತ್ತವನ್ನು ಕೊಡುವ ಬದಲು ಪ್ರತಿ ತುಣುಕಿನ ತೂಕದ ಲಿಸ್ಟನ್ನು ಕೊಡುವಂತೆ ಮಾಡಿ. ಮೊತ್ತ ಬೇಕಾದವರು ಸಮ್ ಹಾಕಿಕೊಳ್ಳಲಿ.

ಗಣದ ವಿನ್ಯಾಸಕ್ಕೆ ಸೋಮಾರಿತನ ಒಳ್ಳೆಯ ರೀತಿಯಲ್ಲಿ ಒದಗುತ್ತದೆ. ಸೈಕಲ್ [3,4] ಎಂದರೆ 3, 4, 3, 4 ಎಂದು ಕೊನೆಯಿಲ್ಲದ ಲಿಸ್ಟ್. ಚಿಕ್ಕ ಸಾಲಿಗೆ ಟೇಕ್ 4 (ಸೈಕಲ್ [3,4]), ದೊಡ್ಡ ಸಾಲಿಗೆ ಟೇಕ್ 6 (ಸೈಕಲ್ [3,4]) ++ [2]. ಈ ಲಿಸ್ಟನ್ನೂ ತೂಕಗಳ ಲಿಸ್ಟನ್ನೂ ಒಟ್ಟಿಗೆ ಸವೆಸುತ್ತ ಹೋಗುವ ಒಂದು ರಿಕರ್ಸಿವ್ ಫಂಕ್ಷನ್ ಸಾಕು. ಫೈಲ್ ಓದುವುದು, ತೆರೆಯ ಮೇಲೆ ಬರೆಯುವುದು ಮೇನ್‌ನಲ್ಲಿಯೇ ಇರಲಿ. ಮೇಲಿನ ಯಾವುದರ ಟೈಪಿನಲ್ಲಿಯೂ ಐಒ (ಓದುವ ಬರೆಯುವ ಕೆಲಸದ ಗುರುತು) ಕಾಣಿಸಬಾರದು.

ಮೌನಓದುಗ

ಇನ್ನೊಂದು ಹಳ್ಳವಿದೆ, ನಾನು ಬಿದ್ದು ಎದ್ದದ್ದು. "ಕೊ" ಎಂಬುದನ್ನು ಯೂನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು: ಕ ಮತ್ತು ಒಂದೇ ಒ-ಚಿಹ್ನೆ, ಅಥವಾ ಕ, ಎ-ಚಿಹ್ನೆ, ಊ-ಚಿಹ್ನೆ ಎಂದು ಬಿಡಿಸಿ. ತೆರೆಯ ಮೇಲೆ ಎರಡೂ ಒಂದೇ. ಗುಂಪಿನಲ್ಲಿ ಊ-ಚಿಹ್ನೆ ಕಂಡೊಡನೆ ದೀರ್ಘ ಎನ್ನುವ ಪ್ರೋಗ್ರಾಮ್ ಬಿಡಿಸಿ ಬರೆದ "ಕೊ"ಗೆ ಎರಡು ಮಾತ್ರೆ ಕೊಟ್ಟುಬಿಡುತ್ತದೆ. "ಕೋ" ಅಂತೂ ಮೂರು ಚಿಹ್ನೆಗಳಾಗಿ ಬಿಡಿಸಿಕೊಳ್ಳಬಲ್ಲದು. ಬೇರೆ ಬೇರೆ ಕಡೆಯಿಂದ ನಕಲು ಮಾಡಿದ ಪಠ್ಯದಲ್ಲಿ ಎರಡೂ ಬೆರೆತಿರುವ ಸಂಭವವಿದೆ. ಯೂನಿಕೋಡ್-ಟ್ರಾನ್ಸ್‌ಫಾರ್ಮ್ಸ್ ಎಂಬ ಪ್ಯಾಕೇಜ್ ಬಳಸಿ ಎಲ್ಲವನ್ನೂ ಮೊದಲು ಎನ್‌ಎಫ್‌ಸಿ (ಬಿಡಿಸಿದ ಚಿಹ್ನೆಗಳನ್ನು ಒಂದಾಗಿಸಿದ) ರೂಪಕ್ಕೆ ತನ್ನಿ, ಆಮೇಲೆ ಎಣಿಸಿ. ಪದದ ನಡುವೆ ಒತ್ತಕ್ಷರವಾಗದಂತೆ ತಡೆಯುವ ಅದೃಶ್ಯ ಚಿಹ್ನೆ ಅಕ್ಷರವೂ ಅಲ್ಲ, ಗುರುತೂ ಅಲ್ಲ. ಅದು ನಿಮ್ಮ ಹೊಸ ಫಿಲ್ಟರಿನಲ್ಲಿ ಉದುರಿಹೋಗುತ್ತದೆ, ಮಾತ್ರೆಗೆ ಬಾಧಕವಿಲ್ಲ.

ಕಗ್ಗಂಟು

ಶಾಸ್ತ್ರಕ್ಕೆ 5 ಬಂದದ್ದನ್ನು ನೋಡಿದೆ, ಸೋತೆ. ಪ್ರಾಯಶ್ಚಿತ್ತವಾಗಿ ಒಂದು ಸಲಹೆ: ಕೈಯಿಂದ ಪದಗಳನ್ನು ಆರಿಸುವಾಗ ನಾವಿಬ್ಬರೂ ಮೋಸಹೋದೆವಾದ್ದರಿಂದ ಕ್ವಿಕ್‌ಚೆಕ್ ಬಳಸಿ. ಕೋಯನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ 2000ದಲ್ಲಿ ಪ್ರಕಟಿಸಿದ್ದು, ಹ್ಯಾಸ್ಕೆಲ್‌ಗಾಗಿಯೇ ಹುಟ್ಟಿದ್ದು. ಉದಾಹರಣೆಗಳ ಬದಲು ನಿಯಮವನ್ನು ಬರೆದುಕೊಟ್ಟರೆ ತಾನೇ 100 ಯಾದೃಚ್ಛಿಕ ಉದಾಹರಣೆಗಳನ್ನು ಹುಟ್ಟಿಸಿ ನೋಡುತ್ತದೆ. ಕನ್ನಡ ಅಕ್ಷರಗಳಷ್ಟೇ ಇರುವ ಸಾಲನ್ನು ಶುದ್ಧಮಾಡಿ, ತುಂಡುಮಾಡಿ, ಮತ್ತೆ ಜೋಡಿಸಿದರೆ ಮೂಲ ಸಾಲೇ ಬರಬೇಕು ಎಂಬ ಒಂದೇ ನಿಯಮವಿದ್ದಿದ್ದರೆ "ಮಸರ" ಮೊದಲ ನಿಮಿಷದಲ್ಲೇ ಸಿಕ್ಕಿಬೀಳುತ್ತಿತ್ತು. ಆದರೆ ಅಕ್ಷರಗಳನ್ನು ಹುಟ್ಟಿಸುವ ಜನರೇಟರನ್ನು ಕನ್ನಡದ ವ್ಯಾಪ್ತಿಗೆ ನೀವೇ ಬರೆಯಬೇಕು. ಸಹಜವಾಗಿ ಅದು ಕೊಡುವ ಅಕ್ಷರಗಳಲ್ಲಿ ಕನ್ನಡ ಸಿಗುವುದು ಅಪರೂಪ. ನನ್ನ ತಪ್ಪು ಲೆಕ್ಕ ಮಾತ್ರ ಈ ನಿಯಮಕ್ಕೆ ಸಿಗುತ್ತಿರಲಿಲ್ಲ, ಅದಕ್ಕೆ "ಶಾಸ್ತ್ರ"ವೇ ಬೇಕಾಗಿತ್ತು.

ಹೊಸಗಲಿಕೆ

ವಾರದ ಬಳಿಕ ವರದಿ ಒಪ್ಪಿಸುತ್ತಿದ್ದೇನೆ. ತಂದೆಯವರ ನೋಟ್‌ಬುಕ್ಕಿನಿಂದ ಟೈಪ್ ಮಾಡಿದ 40 ಪದ್ಯಗಳನ್ನು, ಅಂದರೆ 240 ಸಾಲುಗಳನ್ನು ಓಡಿಸಿದೆ. 11 ಸಾಲುಗಳಿಗೆ ಲೆಫ್ಟ್ ಬಂತು. ಎಂಟರಲ್ಲಿ ನನ್ನ ಟೈಪಿಂಗ್ ತಪ್ಪಿತ್ತು. ಎರಡರಲ್ಲಿ ಗಮಕಪ್ರಿಯೆ ಅವರು ಹೇಳಿದ ಶಿಥಿಲದ್ವಿತ್ವ. ಹನ್ನೊಂದನೆಯದರಲ್ಲಿ ನನ್ನ ಟೈಪಿಂಗ್ ನೋಟ್‌ಬುಕ್ಕಿನಲ್ಲಿದ್ದಂತೆಯೇ ಇತ್ತು, ಆದರೂ ಒಂದು ಮಾತ್ರೆ ಕಡಿಮೆ. ತಂದೆಯವರಿಗೆ ತೋರಿಸದೆ ಆ ಪದ್ಯವನ್ನು ಹಾಡಲು ಕೇಳಿದೆ. ಅವರ ಬಾಯಲ್ಲಿ ಅಕ್ಷರ ಇತ್ತು, ಹಾಳೆಯಲ್ಲಿ ಇರಲಿಲ್ಲ. ಮೂವತ್ತು ವರ್ಷಗಳ ಹಿಂದೆ ನಕಲು ಮಾಡುವಾಗ ಬಿಟ್ಟುಹೋದದ್ದಂತೆ. ಪೆನ್ನು ತರಿಸಿಕೊಂಡು ತಿದ್ದಿದರು.

ಶಿಥಿಲದ್ವಿತ್ವವನ್ನು ಮಾತ್ರ ಎಲ್ಲಿ ಸೇರಿಸಬೇಕೆಂದು ಹೊಳೆಯುತ್ತಿಲ್ಲ. "ಮಾತ್ರೆ"ಯೊಳಗೆ ಪದಗಳ ಪಟ್ಟಿಯೊಂದನ್ನು ಇಟ್ಟು ಹುಡುಕಿಸಲೇ?

ಸೋಮಾರಿಗಣಕ

"ಮಾತ್ರೆ"ಯೊಳಗೆ ಪದಗಳ ಪಟ್ಟಿ ಬೇಡ, ಅದಕ್ಕೆ ಪದಗಳು ಗೊತ್ತಿಲ್ಲ, ಗೊತ್ತಾಗಲೂಬಾರದು. ತುಣುಕುಗಳಿಗೆ ನಾಲ್ಕನೆಯ ಕನ್‌ಸ್ಟ್ರಕ್ಟರ್ ಒಂದನ್ನು, "ತೇಲಿದ" ಎಂದು, ಸೇರಿಸಿ. ಪಠ್ಯದಲ್ಲಿ ಹಾಗೆ ಓದಬೇಕಾದ ಕಡೆ ನೀವೇ ಒಂದು ನಕ್ಷತ್ರದ ಗುರುತು ಹಾಕಿ. ಫಿಲ್ಟರ್ ಅದನ್ನು ಉದುರಿಸದಂತೆ, ಗುಂಪುಮಾಡುವ ಫಂಕ್ಷನ್ ಅದನ್ನು ಹಿಂದಿನ ತುಣುಕಿಗೆ ಸೇರಿಸುವಂತೆ ನೋಡಿಕೊಳ್ಳಿ. ಟೈಪ್ ಬದಲಾದ ಕೂಡಲೇ ಯಾವ ಯಾವ ಫಂಕ್ಷನ್ನಿನಲ್ಲಿ ಈ ಹೊಸ ಸಂದರ್ಭ ಬಿಟ್ಟುಹೋಗಿದೆಯೆಂದು ವಾಲ್ ಪಟ್ಟಿಮಾಡಿ ತೋರಿಸುತ್ತದೆ. ಎಲ್ಲಿ ನಕ್ಷತ್ರ ಹಾಕಬೇಕೆಂಬುದನ್ನು ಗಮಕಪ್ರಿಯೆ ಅವರನ್ನೋ ನಿಮ್ಮ ತಂದೆಯವರನ್ನೋ ಕೇಳಿ.

ಗಮಕಪ್ರಿಯೆ

ಆ ಎರಡು ಸಾಲುಗಳನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ತಂದೆಯವರು ಯಾವ ರಾಗದಲ್ಲಿ ಓದುತ್ತಾರೆಂಬುದನ್ನೂ ತಿಳಿಸಿ.